ಹದಿನಾರು ಗಂಟೆಯ ಬೋರ್ಡು

ಪಂಜ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅಕ್ಕಾ,

ಕಳೆದ ವರ್ಷ ಕಾಲೇಜಿನ ಸನ್ಮಾನದ ದಿನ ನೀನು ಮೈಕಿನ ಮುಂದೆ ಹೇಳಿದ್ದು ಸುಳ್ಳು. ನೀನು ದಿನಕ್ಕೆ ಹದಿನಾರು ಗಂಟೆ ಓದಿದವಳಲ್ಲ. ಆ ಸುಳ್ಳಿನಿಂದಾಗಿ ಈಗ ನನ್ನ ಗೆಳೆಯ ನೌಷಾದನನ್ನು ಬ್ಯಾಚಿನಿಂದ ತೆಗೆಯುತ್ತಿದ್ದಾರೆ. ಮೊದಲ ಸಾಲಿನಲ್ಲೇ ಹೀಗೆ ಬರೆದದ್ದಕ್ಕೆ ಬೇಸರ ಮಾಡಬೇಡ. ಸುಖ ಸಮಾಚಾರ ಬರೆಯುತ್ತಾ ಕೂತರೆ ಇದನ್ನು ಬರೆಯುವ ಧೈರ್ಯ ಆಮೇಲೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ನಿನ್ನ ಕೆಮ್ಮು ಹೋಯಿತೇ? ಹಾಸನದಲ್ಲಿ ಚಳಿ ಶುರುವಾಗಿರಬೇಕು. ಅವ್ವ ಕಳಿಸಿದ ಸ್ವೆಟರ್ ಹಾಕುತ್ತೀಯೋ, ಅಥವಾ ಬಣ್ಣ ಸರಿಯಿಲ್ಲವೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? "ಡಾಕ್ಟ್ರಾಗ್ಲಿಕ್ಕೆ ಹೋದವಳಿಗೇ ಕೆಮ್ಮು ಅಂದ್ರೆ ಇನ್ನು ನಾವು ಯಾರತ್ರ ಹೋಗುದು?" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಅವರ ಮಂಡಿನೋವು ಇದ್ದ ಹಾಗೇ ಇದೆ, ಆದರೂ ಬೀಡಿ ಕಟ್ಟುವುದನ್ನು ಬಿಟ್ಟಿಲ್ಲ. ಅಪ್ಪ ಹಾಲಿನ ಸೊಸೈಟಿಗೆ ಹೋಗಿ ಬರುತ್ತಾರೆ, ಆರಾಮವಾಗಿದ್ದಾರೆ. ನಾನೂ ಆರಾಮ. ಈ ವಾರ ಎರಡು ದಿನ ತಲೆನೋವಿತ್ತು, ಅದನ್ನು ಅವ್ವನಿಗೆ ಹೇಳಿಲ್ಲ, ನೀನೂ ಹೇಳಬೇಡ. ಫೋನಿನಲ್ಲಿ ಹೇಳದೆ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ಎರಡು ಸಲ ಹೇಳಿದೆ. ಒಂದು ಸಲ ನೀನು ನಕ್ಕೆ, ಇನ್ನೊಂದು ಸಲ ವಾರ್ಡಿಗೆ ಹೊತ್ತಾಯಿತು ಎಂದೆ. ಕಾಗದವಾದರೆ ಮಾತು ಬದಲಿಸಲು ಆಗುವುದಿಲ್ಲ.

ಆ ದಿನ ನಾನು ಸಭಾಂಗಣದ ಆರನೆಯ ಸಾಲಿನಲ್ಲಿದ್ದೆ. ನೀಟ್‌ನಲ್ಲಿ ಸೀಟು ಸಿಕ್ಕಿದ ಐದು ಮಂದಿಯನ್ನು ಸಾಲಾಗಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ನಿರೂಪಕರು ಮೈಕು ಹಿಡಿದು ಒಬ್ಬೊಬ್ಬರನ್ನೇ ಕೇಳಿದರು, "ತರಗತಿ ಬಿಟ್ಟು ದಿನಕ್ಕೆ ಎಷ್ಟು ಗಂಟೆ ಓದ್ತಿದ್ರಿ?" ಮೊದಲು ಕೂತಿದ್ದ ಹುಡುಗ ಹತ್ತು ಎಂದ. ಅವನ ಪಕ್ಕದವಳು ಹನ್ನೊಂದು ಎಂದಳು. ಮೂರನೆಯವನು ಹದಿಮೂರು, ನಾಲ್ಕನೆಯವನು ಹದಿನಾಲ್ಕು. ಪ್ರತಿ ಸಲ ಚಪ್ಪಾಳೆ ಜೋರಾಗುತ್ತಾ ಬಂತು. ಬಾಳೆಗೊನೆ ಏಲಂ ಕೂಗುವಲ್ಲಿ ಹಾಗೇ ಅಲ್ಲವೇ, ಕೊನೆಗೆ ನಿಂತವನು ಕಡಿಮೆ ಹೇಳುವಂತಿಲ್ಲ. ಕೊನೆಯ ಕುರ್ಚಿ ನಿನ್ನದು. ನೀನು ಒಮ್ಮೆ ಅಪ್ಪನ ಕಡೆ ನೋಡಿ ಹದಿನಾರು ಎಂದೆ. ಕಾಲೇಜು ಎಂಟು ಗಂಟೆ, ನೀನು ಹೇಳಿದ್ದು ಹದಿನಾರು, ಎರಡೂ ಕೂಡಿದರೆ ಇಪ್ಪತ್ತನಾಲ್ಕು. ನೀನು ಕಾಲೇಜಿಗೆ ಪುತ್ತೂರಿನ ಬಸ್ಸು ಹತ್ತಿದ್ದು ಯಾವಾಗ? ಉಂಡದ್ದು, ಮಲಗಿದ್ದು ಯಾವಾಗ? ಮುಂದಿನ ಸಾಲಿನಲ್ಲಿ ಗಣಿತದ ಉಪನ್ಯಾಸಕರು ಮೂವರಿದ್ದರು. ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಅಕ್ಕಾ, ಅದನ್ನು ಮುಚ್ಚಿಡುವುದಿಲ್ಲ.

ನೀನು ಓದಿದ್ದು ಎಷ್ಟೆಂದು ನನಗೆ ಗೊತ್ತಿದೆ. ನಿನ್ನ ಎದುರಿನ ಕುರ್ಚಿಯಲ್ಲಿ ಎರಡು ವರ್ಷ ಕೂತವನು ನಾನು. ಬೆಳಿಗ್ಗೆ ಎದ್ದು ಎರಡು ಗಂಟೆ. ಸಂಜೆ ಚಾ ಕುಡಿದು, ಅಜ್ಜಿ ಬೀಡಿ ಕಟ್ಟುವ ಜಗಲಿಯಲ್ಲಿ ಒಂದೂವರೆ ಗಂಟೆ. ಊಟಕ್ಕೆ ಮೊದಲು ಇನ್ನೊಂದೂವರೆ. ಒಟ್ಟು ಐದು. ಊಟವಾದ ಮೇಲೆ ನಿನ್ನನ್ನು ಎಬ್ಬಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಆ ಐದು ಗಂಟೆ ಎಂಥ ಐದು ಗಂಟೆ! ಪುಸ್ತಕ ಮುಚ್ಚಿಟ್ಟು ಪಾಠವನ್ನು ಅಜ್ಜಿಗೆ ಹೇಳುವುದು ನಿನ್ನ ಕ್ರಮ. ಅಜ್ಜಿ ಎಲೆ ಕತ್ತರಿಸುವುದನ್ನು ನಿಲ್ಲಿಸದೆ ಕೇಳುತ್ತಿದ್ದರು. ಹೃದಯದ ಪಾಠ ಹೇಳಿದ ದಿನ, "ಮೇಲೆ ಹೋದ ನೆತ್ತರು ವಾಪಸ್ ಕೆಳಗೆ ಯಾಕೆ ಬರುದಿಲ್ಲ? ಅಲ್ಲಿ ಬಾಗಿಲು ಉಂಟಾ?" ಎಂದು ಕೇಳಿದರು. ನೀನು ಮತ್ತೆ ಪುಸ್ತಕ ತೆರೆದು, ಕವಾಟಗಳ ಭಾಗವನ್ನು ಮೊದಲಿನಿಂದ ಓದಿ, ಮರುದಿನ ಬಂದು ಅಜ್ಜಿಗೆ ಒಪ್ಪಿಸಿದೆ. ಅಜ್ಜಿಗೆ ಅರ್ಥವಾಗುವ ತನಕ ನಿನಗೆ ಅರ್ಥವಾಗಿಲ್ಲವೆಂದೇ ನೀನು ಲೆಕ್ಕ ಹಿಡಿಯುತ್ತಿದ್ದೆ. ಕಾಲೇಜಿನ ಬೋರ್ಡಿನಲ್ಲಿ ಹಾಕಬೇಕಾಗಿದ್ದದ್ದು ಅದು. ಅದನ್ನು ಯಾರೂ ಹಾಕಲಿಲ್ಲ, ಏಕೆಂದರೆ ನೀನು ಹೇಳಲಿಲ್ಲ.

ಹಾಕಿದ್ದು ಏನೆಂದು ನೀನು ಸರಿಯಾಗಿ ನೋಡಿಲ್ಲ. ಕಾಲೇಜಿನ ಗೇಟಿನಲ್ಲಿ ಈಗಲೂ ನಿನ್ನ ಫೋಟೋ ಇರುವ ಫ್ಲೆಕ್ಸ್ ಇದೆ, ಕೆಳಗೆ ದಪ್ಪ ಅಕ್ಷರದಲ್ಲಿ "ದಿನಕ್ಕೆ ೧೬ ಗಂಟೆ" ಎಂದಿದೆ. ಈ ವರ್ಷ ನೀಟ್‌ಗೆ ತಯಾರು ಮಾಡುವ ನಮ್ಮ ಸ್ಪೆಷಲ್ ಬ್ಯಾಚಿನ ಮೂವತ್ತಾರು ಮಂದಿಗೂ ಒಂದೊಂದು ಓದಿನ ಡೈರಿ ಕೊಟ್ಟಿದ್ದಾರೆ. ಅದರ ಮೊದಲ ಪುಟದಲ್ಲೂ ನೀನೇ. ಪ್ರತಿದಿನ ತರಗತಿ ಬಿಟ್ಟು ಎಷ್ಟು ಗಂಟೆ, ಎಷ್ಟು ನಿಮಿಷ ಓದಿದೆವೆಂದು ಬರೆದು ಮನೆಯವರ ಸಹಿ ಹಾಕಿಸಬೇಕು. ಹತ್ತಕ್ಕಿಂತ ಕಡಿಮೆಯಾದರೆ ಕೆಂಪು ಶಾಯಿಯ ಗುರುತು. ನೂರು ಕೆಂಪು ಗುರುತು ಬಿದ್ದರೆ ಸ್ಪೆಷಲ್ ಬ್ಯಾಚಿನಿಂದ ಹೊರಗೆ. ಶನಿವಾರದ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಎಂಟು ಗಂಟೆ ಕಾಲೇಜು, ಎರಡೂವರೆ ಗಂಟೆ ಬಸ್ಸು, ಹತ್ತು ಗಂಟೆ ಓದು. ಉಳಿದ ಮೂರೂವರೆ ಗಂಟೆಯಲ್ಲಿ ಉಣ್ಣಬೇಕು, ಮೀಯಬೇಕು, ಮಲಗಬೇಕು. ಇದನ್ನು ಯಾರೂ ಮಾಡುವುದಿಲ್ಲ. ಎಲ್ಲರೂ ಬರೆಯುತ್ತಾರೆ. ನಾನು ಜೂನ್ ತಿಂಗಳಿಂದ ಹನ್ನೊಂದು, ಹನ್ನೊಂದೂಕಾಲು, ಹತ್ತೂ ಮುಕ್ಕಾಲು ಎಂದು ಬದಲಿಸಿ ಬದಲಿಸಿ ಬರೆದಿದ್ದೇನೆ, ಒಂದೇ ಸಂಖ್ಯೆ ಬರೆದರೆ ಸಂಶಯ ಬರುತ್ತದೆ ಎಂದು. ಅಪ್ಪ ನೋಡದೆ ಸಹಿ ಹಾಕುತ್ತಾರೆ. "ಅಕ್ಕನಷ್ಟು ಆಗ್ಲಿಲ್ಲ, ಆದ್ರೂ ತೊಂದರೆ ಇಲ್ಲ" ಎನ್ನುತ್ತಾರೆ.

ಬೆಳ್ಳಾರೆಯಲ್ಲಿ ನಮ್ಮ ಬಸ್ಸು ಹತ್ತುವ ನೌಷಾದನನ್ನು ನೀನು ಒಮ್ಮೆ ನೋಡಿದ್ದೀ. ಮಾರ್ಕೆಟಿನಲ್ಲಿ ದಿನಸಿ ಅಂಗಡಿ ಇಟ್ಟಿರುವ, ಊರೆಲ್ಲ ಪ್ರೀತಿಯಿಂದ ರವೂಫ್‌ಚ್ಚ ಎನ್ನುವವರ ಮಗ. ನಾನು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಯ ಕಿರುಪುಸ್ತಕ ಕೊಂಡು ಓದುವುದನ್ನು ಕಂಡು "ನಮ್ಮ ಕರಪತ್ರ ಬಂದ" ಎಂದು ನನಗೆ ಹೆಸರಿಟ್ಟವನೇ ಅವನು. ಅವನೊಬ್ಬ ಮಾತ್ರ ಡೈರಿಯಲ್ಲಿ ನಿಜ ಬರೆಯುತ್ತಾನೆ. ಓದಲು ಕೂತಾಗ ವಾಚಿನ ಗುಂಡಿ ಒತ್ತುತ್ತಾನೆ, ಎದ್ದಾಗ ನಿಲ್ಲಿಸುತ್ತಾನೆ, ಬಂದ ಲೆಕ್ಕ ಬರೆಯುತ್ತಾನೆ. ನಾಲ್ಕು ಗಂಟೆ ನಲವತ್ತು ನಿಮಿಷ. ನಾಲ್ಕು ಗಂಟೆ ಹತ್ತು. ಶುಕ್ರವಾರ ಇನ್ನೂ ಕಡಿಮೆ. "ಜಾಸ್ತಿ ಬರಿ ಮಾರಾಯ, ಯಾರು ನೋಡ್ತಾರೆ?" ಎಂದು ನಾನು ಹೇಳಿದಾಗ, "ಯಾರೂ ನೋಡುದಿಲ್ಲ ಅಂತಾದ್ರೆ ಸರಿ ಬರೀಲಿಕ್ಕೆ ಎಂತ ಕಷ್ಟ?" ಎಂದ. ಇಷ್ಟರ ತನಕದ ಶನಿವಾರದ ಪರೀಕ್ಷೆಗಳಲ್ಲಿ ಅವನು ಐದನೆಯ ಸ್ಥಾನಕ್ಕಿಂತ ಕೆಳಗೆ ಇಳಿದಿಲ್ಲ. ನಾನು ಹನ್ನೊಂದು ಗಂಟೆ ಓದಿ ಹದಿನೆಂಟನೆಯವನು.

ಅಕ್ಟೋಬರ್ ಕೊನೆಗೆ ಅವನ ಕೆಂಪು ಗುರುತು ನೂರು ದಾಟಿ ಎಷ್ಟೋ ಆಗಿತ್ತು. ಪ್ರಿನ್ಸಿಪಾಲರು ರವೂಫ್‌ಚ್ಚರನ್ನು ಕರೆಸಿದರು. ಬಾಗಿಲ ಹೊರಗೆ ನಾವಿಬ್ಬರೂ ನಿಂತಿದ್ದೆವು, ಒಳಗಿನದ್ದೆಲ್ಲ ಕೇಳಿಸಿತು. "ಮಾರ್ಕ್ ತೆಗೀತಾನಲ್ಲ ಸರ್?" ಎಂದು ಅವರು ಕೇಳಿದರು. "ತೆಗೀತಾನೆ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಗಂಟೆ ಕಮ್ಮಿ" ಎಂದು ಉತ್ತರ ಬಂತು. ಅದಕ್ಕೆ ರವೂಫ್‌ಚ್ಚ ಹೇಳಿದರು, "ನನ್ನ ಅಂಗಡಿಗೆ ಬಂದವರು ಸಕ್ಕರೆ ತೂಗಿಸಿಕೊಂಡು ಹೋಗ್ತಾರೆ ಸರ್. ಅಂಗಡಿ ಎಷ್ಟು ಗಂಟೆ ತೆರೆದಿತ್ತು ಅಂತ ಯಾರೂ ತೂಗಿಸುದಿಲ್ಲ." ನನಗೆ ಒಳಗೆ ಹೋಗಿ ಅವರ ಕೈ ಹಿಡಿಯಬೇಕೆನಿಸಿತು. ಆದರೆ ಹೊರಗೆ ಬಂದವರು ಮಗನಿಗೆ ಹೇಳಿದ್ದು ಬೇರೆ. "ಆ ಪಂಜದ ಹುಡುಗಿಯ ಹಾಗೆ ಸ್ವಲ್ಪ ಕೂತು ಓದಿದ್ರೆ ನಿಂಗೆಂತ ಆಗ್ತದೆ? ಬೋರ್ಡ್ ನೋಡಿದ್ದೀಯಾ?" ಎಂದರು. ನನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ ಅಕ್ಕಾ. ಅಷ್ಟು ಸರಿಯಾಗಿ ಮಾತನಾಡಿದ ಮನುಷ್ಯನೂ ಕೊನೆಗೆ ನಿನ್ನ ಬೋರ್ಡಿಗೆ ಸೋತರು.

ಈಗ ನನ್ನ ತಪ್ಪನ್ನು ಬರೆಯುತ್ತೇನೆ. ನಿನ್ನ ತಪ್ಪನ್ನು ಮೊದಲು ಬರೆದವನು ಇದನ್ನು ಬಿಟ್ಟರೆ ಹೇಡಿ. ಡೈರಿಗಳನ್ನು ಒಟ್ಟುಮಾಡಿ ಸ್ಟಾಫ್ ರೂಮಿಗೆ ಕೊಡುವ ಕೆಲಸ ನನ್ನದು. ದಸರಾ ರಜೆ ಮುಗಿದ ವಾರ ನೌಷಾದನ ಡೈರಿ ನನ್ನ ಕೈಗೆ ಬಂತು. ರಜೆಯ ಏಳು ದಿನವೂ ನಾಲ್ಕು ಗಂಟೆ ಚಿಲ್ಲರೆ. ಬಸ್ಸಿನಲ್ಲೇ ಕೂತು, ನನ್ನ ಪೆನ್ನಿನಿಂದ, ಏಳು 4ರ ಎಡಕ್ಕೂ ಒಂದೊಂದು ಗೀಟು ಎಳೆದೆ. ಏಳು ದಿನವೂ ಹದಿನಾಲ್ಕು ಗಂಟೆಯಾಯಿತು. ರಜೆಯ ವಾರವಲ್ಲವೇ, ನಂಬುತ್ತಾರೆ, ಏಳು ಕೆಂಪು ಗುರುತು ತಪ್ಪುತ್ತದೆ ಎಂದುಕೊಂಡೆ. ಗೆಳೆಯನಿಗೆ ಉಪಕಾರ ಮಾಡಿದೆನೆಂದು ಹೆಮ್ಮೆಯೂ ಆಗಿತ್ತು. ಅವನ ಶಾಯಿ ನೀಲಿ, ನನ್ನದು ಕಪ್ಪು. ಕಳೆದ ವಾರ ಯಾರೋ ಅದನ್ನು ಗಮನಿಸಿದರು. ಈಗ ನೌಷಾದನ ಮೇಲೆ ಎರಡು ದೂರು, ಗಂಟೆ ಕಡಿಮೆ ಎಂಬುದು ಒಂದು, ಡೈರಿ ತಿದ್ದಿದ ಎಂಬುದು ಇನ್ನೊಂದು. ಇಡೀ ಬ್ಯಾಚಿನಲ್ಲಿ ನಿಜ ಬರೆದ ಒಬ್ಬನೇ ಹುಡುಗನಿಗೆ ಸುಳ್ಳುಗಾರನೆಂಬ ಹೆಸರು. ಡಿಸೆಂಬರ್ ಒಂದು, ಸೋಮವಾರದಿಂದ ಅವನು ಸ್ಪೆಷಲ್ ಬ್ಯಾಚಿನಲ್ಲಿ ಇರುವುದಿಲ್ಲ. ಪಿಯುಸಿ ಪರೀಕ್ಷೆಗೆ ಮೂರೇ ತಿಂಗಳು ಇರುವಾಗ ಶನಿವಾರದ ಪರೀಕ್ಷೆಯೂ ಇಲ್ಲ, ಸಂಜೆಯ ಸಂಶಯ ಪರಿಹಾರವೂ ಇಲ್ಲ. ಗೀಟು ಎಳೆದದ್ದು ನಾನೆಂದು ನಿನ್ನೆ ಅವನಿಗೆ ಹೇಳಿದೆ. ಅವನು ಬೈಯಲಿಲ್ಲ. "ನನ್ನ ಹೆಸರಲ್ಲಿ ಸುಳ್ಳು ಬರೀಲಿಕ್ಕೆ ನಿಂಗೆ ಯಾರು ಹೇಳಿದ್ದು ರೂಪೇಶ?" ಎಂದಷ್ಟೇ ಕೇಳಿ, ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತ. ಯಾವಾಗಲೂ ಕರಪತ್ರ ಎನ್ನುವವನು ಹೆಸರು ಹಿಡಿದು ಕರೆದ. ಅದೇ ನನಗೆ ಹೆಚ್ಚು ತಾಗಿತು.

ಈ ಕರಪತ್ರದವನು ಸುಮ್ಮನೆ ಕೂತಿರಲಿಲ್ಲ. ನನ್ನಲ್ಲಿ ಇಪ್ಪತ್ತನಾಲ್ಕು ಪುಟದ ಒಂದು ಪುಸ್ತಕ ಇದೆ, ಎಂಟು ಗಂಟೆಯ ದುಡಿಮೆಗಾಗಿ ಕಾರ್ಮಿಕರು ಹೋರಾಡಿದ ಚರಿತ್ರೆ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿಶ್ರಾಂತಿ, ಎಂಟು ಗಂಟೆ ತಮ್ಮದೇ ಬದುಕು ಎಂದು ಅವರು ಬೀದಿಗಿಳಿದರು. ನಾವು ಹದಿನೇಳು ವರ್ಷದವರು ಹದಿನೆಂಟು ಗಂಟೆಗೆ ತಲೆಬಾಗಿ, ಅದನ್ನು ನಮ್ಮದೇ ಕೈಯಲ್ಲಿ ಬರೆದು, ಮನೆಯವರ ಸಹಿ ಹಾಕಿಸಿ ಕೊಡುತ್ತೇವೆ. ಅದನ್ನು ಓದಿದ ಮೇಲೆ ಒಂದು ಕೆಲಸ ಮಾಡಿದೆ. ಬ್ಯಾಚಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ, ನಿಜವಾಗಿ ಎಷ್ಟು ಗಂಟೆ ಓದುತ್ತೀರೆಂದು ಬರೆಯಲು ಹೇಳಿದೆ. ಮೂವತ್ತನಾಲ್ಕು ಚೀಟಿ ವಾಪಸು ಬಂತು. ಎಲ್ಲಕ್ಕಿಂತ ಹೆಚ್ಚು ಏಳು ಗಂಟೆ, ಎಲ್ಲಕ್ಕಿಂತ ಕಡಿಮೆ ಮೂರು, ಸರಾಸರಿ ಐದರ ಹತ್ತಿರ. ಒಬ್ಬರು "ಪುಸ್ತಕ ತೆರೆದಿಟ್ಟದ್ದು ಲೆಕ್ಕವಾ, ಓದಿದ್ದು ಲೆಕ್ಕವಾ?" ಎಂದು ಬರೆದಿದ್ದರು. ಇನ್ನೊಂದರಲ್ಲಿ "ಐದು. ಆದರೆ ಎಲ್ಲರೂ ಹತ್ತು ಓದುತ್ತಾರೆ, ನಾನೊಬ್ಬಳೇ ದಡ್ಡಿ" ಎಂದಿತ್ತು. ಅದನ್ನು ಎರಡು ಸಲ ಓದಿದೆ. ಎಲ್ಲರೂ ಐದೇ ಓದುತ್ತಿದ್ದಾರೆ ಅಕ್ಕಾ, ಎಲ್ಲರೂ ತಾವೊಬ್ಬರೇ ದಡ್ಡರೆಂದು ನಂಬಿ ಕೂತಿದ್ದಾರೆ. ಅವಳು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಹೋಗಿ ಹೇಳುತ್ತಿದ್ದೆ.

ಚೀಟಿಗಳನ್ನು ಭೌತಶಾಸ್ತ್ರದ ಸುಂದರ ಸರ್‌ಗೆ ಕೊಟ್ಟೆ. ನಮ್ಮ ಬ್ಯಾಚು ಅವರ ಹೊಣೆಯಲ್ಲಿದೆ. ಕೆಟ್ಟವರಲ್ಲ, ನಿನಗೂ ಪಾಠ ಮಾಡಿದವರು. ಎಲ್ಲ ಚೀಟಿ ಓದಿ, ಕನ್ನಡಕ ತೆಗೆದು, "ಹೆಸರಿಲ್ಲದ ಚೀಟಿ ಹಿಡ್ಕೊಂಡು ನಾನು ಪ್ರಿನ್ಸಿಪಾಲರತ್ರ ಎಂತ ಹೇಳುದು ಮಾರಾಯ? ನಿನ್ನ ಸ್ವಂತ ಅಕ್ಕ, ತೀರ್ಥರಾಮಣ್ಣನ ಮಗಳು, ಆರುನೂರು ಜನರ ಎದುರು ಹದಿನಾರು ಅಂದಿದ್ದಾಳೆ. ಅದನ್ನು ನೋಡಿಯೇ ಡೈರಿ ಮಾಡಿದ್ದು" ಎಂದರು. ಅದು ನಿಜವಲ್ಲ ಎಂದೆ. "ಹಾಗಾದ್ರೆ ಅವಳೇ ಬರ್ಲಿ. ಇಪ್ಪತ್ತೊಂಬತ್ತಕ್ಕೆ ಪೋಷಕರ ಸಭೆ ಉಂಟು. ಅವಳು ಬಂದು ಅಲ್ಲ ಅಂತ ಹೇಳಿದ್ರೆ, ಡೈರಿ ಬೇಡ ಅಂತ ಅಲ್ಲಿಯೇ ಎದ್ದು ಹೇಳುವವ ನಾನು. ನಿನ್ನ ಮಾತು ಕೇಳಿ ಹೇಳ್ಲಿಕ್ಕೆ ಆಗುದಿಲ್ಲ" ಎಂದರು. ಆಮೇಲೆ ಮೆಲ್ಲ, "ಅವಳು ಬರುದಿಲ್ಲ ಬಿಡು, ಯಾರು ಬರ್ತಾರೆ?" ಎಂದೂ ಸೇರಿಸಿದರು. ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ನನ್ನ ಅಕ್ಕ ಯಾರೆಂದು ಅವರಿಗೇನು ಗೊತ್ತು?

ಫೋನಿನಲ್ಲಿ ನೀನು "ಬಿಡೋ, ಎಲ್ಲರೂ ಹಾಗೇ ಹೇಳುದು" ಎಂದೆ. ಎಲ್ಲರೂ ಹಾಗೆ ಹೇಳುವುದರಿಂದಲೇ ಇಷ್ಟೆಲ್ಲ ಆದದ್ದು. ನಿನಗೆ ಆಗುವ ನಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಅಪ್ಪ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಸೊಸೈಟಿಗೆ ಹಾಲು ತರುವವರಿಗೆಲ್ಲ ಅವರು ಹದಿನಾರು ಗಂಟೆಯ ಕಥೆ ಹೇಳಿದ್ದಾರೆ, ನಾಳೆ ಆ ಜನ ಅವರನ್ನು ಆಡಿಕೊಳ್ಳಬಹುದು. ನಿನ್ನ ರ್‍ಯಾಂಕೇ ಸುಳ್ಳೆನ್ನುವವರೂ ಹುಟ್ಟಬಹುದು. ಆದರೆ ರ್‍ಯಾಂಕು ನಿಜ, ಸೀಟು ನಿಜ. ಐದು ಗಂಟೆ ಓದಿ ಸೀಟು ತೆಗೆದವಳೆಂದರೆ ನಿನ್ನ ಮಾನ ಕಡಿಮೆಯಾಗುತ್ತದೆಯೇ? ನನ್ನ ಕಣ್ಣಿಗೆ ಅದೇ ದೊಡ್ಡದು. ಅಲ್ಲಿ ಕೂತ ಮೂವತ್ತಾರು ಮನೆಯವರು ಒಮ್ಮೆ ಉಸಿರು ಬಿಟ್ಟು ಮನೆಗೆ ಹೋಗಲಿ. ಭಾಷಣ ಬೇಡ. ನಾಲ್ಕು ವಾಕ್ಯ ಸಾಕು. ಎಷ್ಟು ಓದಿದೆ, ಹೇಗೆ ಓದಿದೆ, ಹದಿನಾರು ಎಂದು ಯಾಕೆ ಹೇಳಿದೆ, ಅದು ತಪ್ಪು. ಅಪ್ಪನಿಗೆ ಮೊದಲೇ ತಿಳಿಸುವ ಕೆಲಸ ನನಗಿರಲಿ. ಸಿಟ್ಟು ಮಾಡಿದರೆ ನನ್ನ ಮೇಲೆ ಮಾಡಲಿ, ಎರಡು ದಿನ ಮಾತು ಬಿಟ್ಟಾರು.

ನಾಡಿದ್ದು ಶನಿವಾರ ರಸಾಯನಶಾಸ್ತ್ರದ ಪರೀಕ್ಷೆ. ಇವತ್ತು ಓದಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷ, ಅದರಲ್ಲಿ ಒಂದು ಗಂಟೆ ಅಜ್ಜಿಯ ಹತ್ತಿರ. ಅಜ್ಜಿ ನಿನಗೆ ಕಾಳುಮೆಣಸಿನ ಕಷಾಯ ಕುಡಿಯಲು ಹೇಳಿದ್ದಾರೆ, ಅವ್ವ ತಲೆಗೆ ಎಣ್ಣೆ ಹಾಕಲು ಹೇಳಿದ್ದಾರೆ, ಅಪ್ಪ ಊಟ ಬಿಡಬೇಡ ಎಂದಿದ್ದಾರೆ. ಮೂವರ ಪ್ರೀತಿಯೂ ಈ ಕಾಗದದ ಜೊತೆ ಬರುತ್ತಿದೆ, ನನ್ನದೂ ಸೇರಿದೆ, ಬೈದದ್ದರ ಒಳಗೇ ಹುಡುಕಿಕೋ.

ನಿನ್ನ ತಮ್ಮ
ರೂಪೇಶ್

ಮತ್ತೆ: ಶುಕ್ರವಾರ ಮಧ್ಯಾಹ್ನ, ಪುತ್ತೂರಿನ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಲಕೋಟೆ ಇನ್ನೂ ಅಂಟಿಸಿಲ್ಲ. ಬೆಳಿಗ್ಗೆ ಸುಂದರ ಸರ್ ಹತ್ತಿರ ಹೋಗಿ ಏಳು ಗೀಟು ಎಳೆದದ್ದು ನಾನೆಂದು ಬರೆದು ಕೊಟ್ಟೆ, ಕಪ್ಪು ಪೆನ್ನನ್ನೂ ಮೇಜಿನ ಮೇಲಿಟ್ಟೆ. ಡೈರಿ ತಿದ್ದಿದ ದೂರು ನೌಷಾದನ ಮೇಲಿಂದ ಹೋಯಿತು, ನನ್ನ ಮೇಲೆ ಬಂತು. ಒಂದನೇ ತಾರೀಕು ತೆಗೆಯುವವರ ಪಟ್ಟಿಯಲ್ಲಿ ಈಗ ನನ್ನ ಹೆಸರೂ ಇದೆ. ನನಗೆ ಅದು ನ್ಯಾಯವೇ, ನನಗಾಗಿ ನೀನು ಒಂದು ಮಾತೂ ಆಡಬೇಡ. ಆದರೆ ಅವನ ಗಂಟೆ ಕಡಿಮೆ ಎಂಬ ದೂರು ಹಾಗೇ ಉಳಿದಿದೆ, ಅದನ್ನು ತೆಗೆಯಲು ನನ್ನಿಂದ ಆಗುವುದಿಲ್ಲ, ನಿನ್ನಿಂದ ಮಾತ್ರ ಆಗುತ್ತದೆ. ಹಾಸನದಿಂದ ಬರುವ ಬೆಳಗಿನ ರೈಲಿನಲ್ಲಿ ನೆಟ್ಟಣದಲ್ಲಿ ಇಳಿ. ಅಲ್ಲಿಂದ ಕಡಬದ ಮೇಲೆ ಪುತ್ತೂರಿಗೆ ಬಸ್ಸಿದೆ, ಸಭೆ ಹತ್ತೂವರೆಗೆ. ನವೆಂಬರ್ ಇಪ್ಪತ್ತೊಂಬತ್ತು, ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ನೆಟ್ಟಣ ಸ್ಟೇಷನ್ನಿನ ಹೊರಗೆ ನಾನು ನಿಂತಿರುತ್ತೇನೆ.